ಡೋಣಿ ಗುಡ್ಡದ ನೀರಿನ ಪಾಳಿ

ಏಕೀಕರಣವಾದ ಮರುವರ್ಷದ ಬೇಸಿಗೆ. ಬೆಳಗಿನ ರೈಲಿನಿಂದ ಗದಗಿನಲ್ಲಿ ಇಳಿದಾಗ ನನ್ನ ಜೊತೆಗಿದ್ದವರು ವಿಶ್ವವಿದ್ಯಾಲಯದ ಓವರ್‌ಸಿಯರ್ ದೇಸಾಯರು ಮಾತ್ರ. ನಾನು ಕಲಿಸುತ್ತಿದ್ದ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ತಂಗಿ ಕಲಿಯಲು ದೂರದಲ್ಲೊಂದು ಕೇಂದ್ರ ಕಟ್ಟಲು ಜಾಗ ಹುಡುಕುತ್ತಿದ್ದೆವು. ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ನೋಡಿಯಾಗಿತ್ತು. ಕಪ್ಪತಗುಡ್ಡದ ಬುಡದ ಡೋಣಿಯಲ್ಲಿ ಬೇಸಿಗೆಗೂ ಬತ್ತದ ಸೆಲೆಯಿದೆ ಎಂದು ಜಾಗ ಆರಿಸುವ ಸಮಿತಿಗೆ ಹೇಳಿದವನು ನಾನೇ. ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿ ನೀರು ಕುಡಿದ ನೆನಪು. ಕುಡಿದಿದ್ದೆನೋ, ಅಪ್ಪ ಹೇಳಿದ್ದನ್ನು ಕೇಳಿದ್ದೆನೋ, ಬಸ್ಸು ಡಂಬಳ ಮುಟ್ಟುವವರೆಗೂ ಬಗೆಹರಿಯಲಿಲ್ಲ.

ಅಲ್ಲಿಂದ ಎತ್ತಿನ ಚಕ್ಕಡಿ. ರೊಟ್ಟಿ, ಶೇಂಗಾ ಚಟ್ನಿ ತಿಂದು ತೂಕಡಿಸಿದೆ. ಕಣ್ಣು ಬಿಟ್ಟಾಗಲೆಲ್ಲ ಗುಡ್ಡ ಅಷ್ಟೇ ದೂರದಲ್ಲಿ, ಬಿಸಿಲಿನಲ್ಲಿ ನೀಲಿಯಾಗಿ ತೇಲುತ್ತಿತ್ತು.

ಸೆಲೆ ಇತ್ತು. ಬಂಡೆಯ ಬಿರುಕಿನಿಂದ ದಾರದಷ್ಟು ನೀರು ಒಂದು ಕುಳಿಗೆ ಇಳಿಯುತ್ತಿತ್ತು. ಮುಂದೆ ಕೊಡಗಳ ಸಾಲು, ಜನರಿಲ್ಲ. ನಾನು ನೀರಿನ ಸದ್ದು ಕೇಳುತ್ತ ನೆರಳಿನಲ್ಲಿ ಕೂತೆ. ದೇಸಾಯರು ಅಳತೆಯ ಮೇಜು ನಿಲ್ಲಿಸಲು ಕೊಡಗಳನ್ನೆಲ್ಲ ಎತ್ತಿ ಬದಿಗಿಟ್ಟರು.

ಸ್ವಲ್ಪ ಹೊತ್ತಿಗೆ, ನಾವು ಬಂದ ಕಾರಣವನ್ನು ಚಕ್ಕಡಿಯವನಿಂದ ಕೇಳಿಕೊಂಡು ಹೆಂಗಸರು ಬಂದರು. ಮುಂದಿದ್ದ ಹಿರಿಯಳು, ನೀಲವ್ವ, ನಿಂತುಬಿಟ್ಟಳು.

"ಯಾರ್ರೀ ಪಾಳಿ ಕೆಡಿಸಿದವ್ರು? ಮುಂಜಾನಿ ಹಚ್ಚಿ ಹೋಗಿದ್ವಿ."

"ಜಾಗಾ ಬೇಕಾಗಿತ್ತ ಯವ್ವಾ," ಎಂದರು ದೇಸಾಯರು. "ಒಂದೂ ಒಡದಿಲ್ಲ ನೋಡು."

"ಒಡದಿದ್ರ ಒಬ್ಬಾಕಿ ಅಳತಿದ್ಲು. ಈಗ ಎಲ್ಲಾರೂ ಬಡದಾಡಬೇಕು."

ಅವರು ಹೊಲಕ್ಕೆ ಹೋದಾಗ ಅವರ ಪರವಾಗಿ ಪಾಳಿಯಲ್ಲಿ ನಿಲ್ಲುವುದು ಕೊಡವೇ ಎಂದು ನನಗೆ ಆಗ ತಿಳಿಯಿತು. ನೀಲವ್ವ ನನ್ನ ಕಡೆ ತಿರುಗಿದಳು. "ನೀವು ಇಲ್ಲೇ ಕುಂತಿದ್ರಲ್ಲಾ. ಯಾವ ಕೊಡಾ ಮೊದಲಿತ್ತು, ಹೇಳ್ರಿ."

ತಾಮ್ರದ್ದು ಎಂದೆ. ಮರುಕ್ಷಣ ಮಣ್ಣಿನದು ಎನಿಸಿತು. ಕಣ್ಣು ಮುಚ್ಚಿದರೆ ಸಾಲು ಸ್ಪಷ್ಟವಾಗಿಯೇ ಕಾಣುತ್ತಿತ್ತು, ಪ್ರತಿ ಸಲವೂ ಬೇರೆಯಾಗಿ.

"ನೆನಪಿಲ್ಲವ್ವಾ."

"ಇವ್ರು ಹುಡುಗರಿಗೆ ಕಲಿಸಾವ್ರಂತ," ಎಂದು ಹಿಂದಿನಿಂದ ಒಬ್ಬಳು ನಕ್ಕಳು.

ನೀಲವ್ವ ಬಾಣಂತಿಯಿದ್ದ ಮನೆಯ ಕೊಡವನ್ನು ಮುಂದಿಟ್ಟಳು. ಉಳಿದವರು ಗೊಣಗುತ್ತ ಅದರ ಹಿಂದೆ ತಮ್ಮವನ್ನು ಹಚ್ಚಿದರು. ಮೊದಲ ಕೊಡಕ್ಕೇ ಕುಳಿ ಬರಿದಾಯಿತು.

"ನಿಮ್ಮ ಹುಡುಗರು ಬಂದ್ರ ಅವರ ಕೊಡಾ ಎಲ್ಲಿ ಇಡೂದ್ರಿ?" ಎಂದು ನೀಲವ್ವ ಕೇಳಿದಳು.

ನಾನು ಎದ್ದು ಕುಳಿಯ ಬಳಿ ಹೋಗಿ ನೋಡುತ್ತ ನಿಂತೆ. ಕುಳಿ ಮತ್ತೆ ತುಂಬುವಷ್ಟರಲ್ಲಿ ಬಿಸಿಲು ಬಂಡೆ ಬಿಟ್ಟು ಇಳಿದಿತ್ತು.

"ಇಲ್ಲಿ ಬ್ಯಾಡ್ರಿ," ಎಂದೆ.

ದೇಸಾಯರು ಮೇಜು ಮಡಚಿದರು. "ಸಮಿತಿಯವ್ರಿಗೆ ಏನ್ ಹೇಳ್ತೀರಿ? ನೀರು ಐತಿ ಅಂದವ್ರು ನೀವು."

"ನೀರು ಐತಿ, ಪಾಳಿ ತುಂಬೇತಿ ಅಂತೀನಿ."

ಚಕ್ಕಡಿ ಹೊರಳುವಾಗ ತಿರುಗಿ ನೋಡಿದೆ. ನೀಲವ್ವ ತೆಂಗಿನ ಚಿಪ್ಪಿನಿಂದ ಎರಡನೆಯ ಕೊಡಕ್ಕೆ ನೀರು ಎತ್ತುತ್ತಿದ್ದಳು. ಉಳಿದವರು ಕೊಡಗಳನ್ನು ಅಲ್ಲೇ ಬಿಟ್ಟು ಮನೆಗೆ ಹೊರಟಿದ್ದರು.