ಎರಡೇ ಸಲ ಕರೆದ ದನಿ

ಇದು ನಡೆದದ್ದು. ಈಗಿನ ಹುಡುಗರು ನಗುತ್ತಾರೆ, ನಗಲಿ. ಯಾರೋ ಹೇಳಿದ್ದನ್ನು ಕೇಳಿಕೊಂಡು ನಾನು ಬರೆಯುತ್ತಿಲ್ಲ. ನನ್ನ ಈ ಎರಡು ಕಿವಿಗಳಲ್ಲಿ ಕೇಳಿದ್ದನ್ನು ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ.

ಐವತ್ತೆಂಟನೆಯ ಇಸವಿಯೋ ಐವತ್ತೊಂಬತ್ತೋ ಇರಬೇಕು. ಇಚಿಲಂಪಾಡಿಯ ನಮ್ಮ ಕಡೆ ಹೊಳೆಗೆ ಆಗ ಸೇತುವೆ ಇರಲಿಲ್ಲ. ಜನರನ್ನು ದಾಟಿಸುವ ದೋಣಿ ನನ್ನದು. ಸೋದರಮಾವ ತೀರಿಕೊಂಡ ಮೇಲೆ ದೋಣಿಯೂ ದೋಣಿ ನಿಲ್ಲುವ ಕಡವಿನ ಪಕ್ಕದ ಮನೆಯೂ ನನಗೆ ಬಂದವು. ಅವುಗಳ ಜೊತೆ ಮಾವನ ಒಂದು ಕಟ್ಟಳೆಯೂ ಬಂತು.

ಕತ್ತಲಾದ ಮೇಲೆ ಆಚೆ ದಡದಿಂದ ಯಾರೇ ಕರೆಯಲಿ, ಮೂರು ಸಲ ಕರೆಯುವ ತನಕ ಓಗೊಡಬಾರದು, ದೋಣಿ ಬಿಡಬಾರದು. ಮನುಷ್ಯರಾದರೆ ಮೂರನೆಯ ಸಲವೂ ಕರೆದೇ ಕರೆಯುತ್ತಾರೆ. ಕುಲೆಗಳಿಗೆ, ಅಂದರೆ ಸತ್ತು ಅಲೆಯುವವರಿಗೆ, ಎರಡು ಸಲ ಮಾತ್ರ ಕರೆಯಲಿಕ್ಕಾಗುವುದು. ಮಾವ ಹೇಳಿದ್ದನ್ನು ಯಾಕೆ ಎಂದು ಕೇಳುವ ಅಭ್ಯಾಸ ನನಗಿರಲಿಲ್ಲ.

ನನ್ನ ದೋಣಿ ಹತ್ತುವವರಲ್ಲಿ ಇದ್ದಿನಬ್ಬ ಎಂಬ ಬ್ಯಾರಿ ಒಬ್ಬನಿದ್ದ. ಹೆಡಿಗೆಯಲ್ಲಿ ಒಣಮೀನು ಹೊತ್ತು ಆಚೆ ಊರಿನ ಮನೆಮನೆಗೆ ಮಾರುವವನು. ಬೆಳಿಗ್ಗೆ ದಾಟಿ ಹೋದರೆ ಬೆಳಕಿರುವಾಗಲೇ ವಾಪಸು ಬಂದು ಮನೆ ಸೇರುತ್ತಿದ್ದ. ಬೇರೆಯವರು ಆಚೆಯಿಂದ 'ದೋಣಿ, ದೋಣಿ' ಎಂದು ಕೂಗಿದರೆ ಅವನು ನನ್ನ ಹೆಸರು ಹಿಡಿದು 'ಓ ಬಾಬೂ' ಎಂದು ಎಳೆದು ಕರೆಯುವವನು. ನನಗೆ ಜ್ವರ ಬಂದು ಮಲಗಿದ್ದಾಗ ಎಂಟು ದಿನ ನನ್ನ ಬದಲಿಗೆ ದೋಣಿ ನಡೆಸಿದ್ದು ಇದೇ ಇದ್ದಿನಬ್ಬ. ಸ್ವಂತ ಅಣ್ಣನೂ ಅಷ್ಟು ಮಾಡಲಿಕ್ಕಿಲ್ಲ.

ದೀಪಾವಳಿ ಕಳೆದ ಸಮಯ. ಅವತ್ತು ಬೆಳಿಗ್ಗೆ ಅವನನ್ನು ಆಚೆ ಬಿಟ್ಟಿದ್ದೆ. ಕತ್ತಲಾದರೂ ಅವನು ಬರಲಿಲ್ಲ. ಯಾರದೋ ಮನೆಯಲ್ಲಿ ಉಳಿದಿರಬೇಕು ಎಂದುಕೊಂಡು ದೋಣಿ ಕಟ್ಟಿ ಮನೆಗೆ ಬಂದೆ. ನನ್ನ ಹೆಂಡತಿ ಸುಂದರಿ ಅವನೇ ಕೊಟ್ಟಿದ್ದ ಒಣಮೀನು ಸುಟ್ಟಳು. ಗಂಜಿ ಉಂಡು ಚಿಮಿಣಿ ದೀಪ ಸಣ್ಣದು ಮಾಡಿದೆವು.

ಮಲಗಿ ಎಷ್ಟು ಹೊತ್ತಾಗಿತ್ತೋ, ಮನೆಯಲ್ಲಿ ಗಡಿಯಾರ ಇರಲಿಲ್ಲ. ಹೊಳೆಯ ಸದ್ದು ಯಾಕೋ ದಪ್ಪವಾಗಿ ಕೇಳಿಸುತ್ತಿತ್ತು. ಜಗಲಿಯಲ್ಲಿದ್ದ ನಮ್ಮ ನಾಯಿ ಎದ್ದು ಅಂಗಳದ ತುದಿಗೆ ಹೋಗಿ ನಿಂತಿತು... ಬೊಗಳಲಿಲ್ಲ.

ಓ ಬಾಬೂ...

ಎದ್ದು ಕುಳಿತೆ. ಇದ್ದಿನಬ್ಬನ ದನಿ. ಅದೇ ಎಳೆತ. ಗಾಳಿಯಲ್ಲಿ ಒಣಮೀನಿನ ವಾಸನೆಯೂ ಬಂತು. ಅದು ಆಚೆಯಿಂದ ಬಂದದ್ದೋ ನಮ್ಮ ಒಲೆಯದ್ದೋ, ಆಗ ಯೋಚಿಸಲಿಲ್ಲ. ಕೈ ತನ್ನಷ್ಟಕ್ಕೆ ಲಾಟೀನು ಹುಡುಕಿತು.

ಓ ಬಾಬೂ...

ನಾನು ಬಾಗಿಲ ಅಗುಳಿಗೆ ಕೈ ಹಾಕಿದ್ದೆ. ಎರಡು ಸಲ ಆಯಿತು ಎಂದು ಬಾಯಿಬಿಟ್ಟೇ ಹೇಳಿದೆ. ಸುಂದರಿ ಹಿಂದಿನಿಂದ ನನ್ನ ತೋಳು ಹಿಡಿದುಕೊಂಡಳು.

"ಎರಡೇ ಆದದ್ದಲ್ವಾ. ಇನ್ನೊಂದು ಬರ್ಲಿ, ಮತ್ತೆ ಹೋಗಿ," ಎಂದು ಪಿಸುಗುಟ್ಟಿದಳು.

ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಹೊಳೆಯ ಸದ್ದು ಮಾತ್ರ... ಮೂರನೆಯದು ಈಗ ಬಂದೀತು, ಈಗ ಬಂದೀತು ಎಂದು ಕಾದೆ. ಅಗುಳಿಯ ಕಬ್ಬಿಣ ನನ್ನ ಬೆವರಿಗೆ ಒದ್ದೆಯಾಯಿತು. ಮೂರನೆಯದು ಬರಲಿಲ್ಲ. ನಾಯಿ ಜಗಲಿಗೆ ಮರಳಿ ಮಲಗಿತು. ಹೋದ ಜೀವ ಹಿಂದೆ ಬಂದ ಹಾಗಾಗಿ ನಾನೂ ಮಲಗಿದೆ.

ಮುಂದಿನದ್ದನ್ನು ಬರೆಯಲಿಕ್ಕೆ ಈಗಲೂ ನಾಚಿಕೆಯಾಗುತ್ತದೆ. ಬೆಳಿಗ್ಗೆ ಚಾ ಅಂಗಡಿಯಲ್ಲಿ ಕುಳಿತು ಇದನ್ನು ನಾನೇ ಎಲ್ಲರಿಗೂ ಹೇಳಿದೆ. ಹೇಳುವುದೆಂತ, ಕೊಚ್ಚಿಕೊಂಡೆ. ಕುಲೆಯೊಂದು ಇದ್ದಿನಬ್ಬನ ದನಿಯಲ್ಲಿ ನನ್ನನ್ನು ಹೊಳೆಗೆ ಎಳೆಯಲು ನೋಡಿತು, ನಾನು ಬೀಳಲಿಲ್ಲ ಎಂದೆ. ಜನ ಬಾಯಿ ತೆರೆದು ಕೇಳಿದರು, ಮಾವನ ಹೆಸರು ಉಳಿಸಿದೆ ಎಂದರು. ಒಬ್ಬರು ನನ್ನ ಚಾದ ದುಡ್ಡು ತಮ್ಮದೆಂದರು.

ಮಧ್ಯಾಹ್ನ ಹೆಡಿಗೆ ಸಿಕ್ಕಿತು.

ಆಚೆ ದಡದಲ್ಲಿ ದೋಣಿಗೆ ಕಾಯುವವರು ಕೂರುವ ಚಪ್ಪಟೆ ಬಂಡೆಯೊಂದಿತ್ತು. ಹಿಂದಿನ ಮಧ್ಯಾಹ್ನದಿಂದ ಘಟ್ಟದಲ್ಲಿ ಮಳೆ ಹೊಡೆದು, ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ರಾತ್ರಿ ಹೊಳೆ ಏರಿ ಬಂಡೆ ಮುಳುಗಿತ್ತು. ಅದರ ಕೆಳಗಿನ ಪೊದೆಯಲ್ಲಿ ಇದ್ದಿನಬ್ಬನ ಹೆಡಿಗೆ ಸಿಕ್ಕಿಹಾಕಿಕೊಂಡಿತ್ತು. ಅವನು ಸಿಕ್ಕಿದ್ದು ಮೂರು ದಿನದ ಮೇಲೆ, ತುಂಬ ಕೆಳಗೆ. ಯಾವ ಹೊತ್ತಿಗೆ ಸತ್ತ ಎಂದು ಹೇಳುವ ಸ್ಥಿತಿಯಲ್ಲಿ ಶರೀರ ಇರಲಿಲ್ಲ.

ನನಗೆ ಊಟ ಸೇರಲಿಲ್ಲ. ಆಗ ಆಚೆ ಊರಿನ ಚೋಮ ಎಂಬ ಕೂಲಿಯವನು ಒಂದು ಮಾತು ಹೇಳಿದ. ಬಂಡೆಯಿಂದ ಮೇಲೆ ಘಟ್ಟದ ಕಡೆಯಿಂದ ಒಂದು ತೋಡು ಬಂದು ಹೊಳೆಗೆ ಸೇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಇದ್ದಿನಬ್ಬ ಆ ತೋಡಿಗೆ ಇಳಿದದ್ದನ್ನು ಕಂಡೆ, ಈಚೆ ಹತ್ತಿದ್ದನ್ನು ಕಾಣಲಿಲ್ಲ, ತೋಡು ಆಗಲೇ ತುಂಬಿತ್ತು ಎಂದ.

ಊರಿಗೆ ಊರೇ ಅದನ್ನು ಹಿಡಿದುಕೊಂಡಿತು. ಇದ್ದಿನಬ್ಬ ಸಂಜೆಯೇ ಹೋಗಿದ್ದಾನೆ, ಬಾಬುವನ್ನು ಕರೆದದ್ದು ಅವನ ಜೀವ ಎಂದು ತೀರ್ಮಾನವಾಯಿತು. ನಾನೂ ಹಿಡಿದುಕೊಂಡೆ. ಮುಳುಗುವವನಿಗೆ ಯಾವ ಬಳ್ಳಿಯಾದರೆ ಏನು? ಆದರೆ ಚೋಮನಿಗೆ ತಾನು ಕಂಡದ್ದು ಅದೇ ದಿನವೋ ಮುಂಚಿನ ದಿನವೋ ಎಂಬುದೇ ಗಟ್ಟಿ ಇರಲಿಲ್ಲ. ನಾಲ್ಕು ಸಲ ಹೋಗಿ ಕೇಳಿದೆ, ನಾಲ್ಕು ಸಲವೂ ಬೇರೆ ಬೇರೆ ಹೇಳಿದ.

ಸುಂದರಿಯನ್ನು ಕೇಳಿದೆ. ತನಗೆ ಯಾವ ದನಿಯೂ ಸರಿಯಾಗಿ ಕೇಳಿರಲಿಲ್ಲ, ನಾನು ಎರಡು ಎಂದದ್ದಕ್ಕೆ ತಾನೂ ಎರಡು ಎಂದದ್ದು ಎಂದಳು. ನನಗೆ ಅವಳನ್ನು ಹೊಡೆಯುವಷ್ಟು ಸಿಟ್ಟು ಬಂತು, ಹೊಡೆಯಲಿಲ್ಲ. ಒಬ್ಬನೇ ಹಿತ್ತಿಲಿಗೆ ಹೋಗಿ ಅತ್ತೆ. ಕೇಳಿದ್ದು ಸುಳ್ಳು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ನಿಜ ಎಂದರೆ, ಕರೆದದ್ದು ಸತ್ತವನೋ ಬದುಕಿದ್ದವನೋ? ಕಿವಿಗೆ ಅಷ್ಟು ಸ್ಪಷ್ಟ ಕೇಳಿದ್ದು ಈ ಒಂದನ್ನು ಮಾತ್ರ ಹೇಳಲಿಲ್ಲ.

ನಲವತ್ತು ದಿನ ಕಳೆದು ಕೆಲವು ತಿಂಗಳಾದ ಮೇಲೆ ಅವನ ಹೆಂಡತಿ ಆಯಿಸಮ್ಮ ಕಡವಿಗೆ ಬಂದರು. ದಾಟಲಿಕ್ಕಲ್ಲ. ತಲೆಯ ಬಟ್ಟೆ ಸರಿಮಾಡಿಕೊಂಡು ದೋಣಿಯಿಂದ ನಾಲ್ಕು ಮಾರು ದೂರ ನಿಂತರು. ನಾನು ತಲೆ ಎತ್ತಲಿಲ್ಲ.

"ಬಾಬಣ್ಣ, ನನಗೆ ಜಗಳ ಎಂತದೂ ಇಲ್ಲ. ಒಂದು ಕೇಳ್ಬೇಕು. ಅದು ಅವರಲ್ಲ ಅಂತ ನಿಮಗೆ ಹೇಗೆ ಗೊತ್ತಾದ್ದು?"

ಮೂರನೆಯ ಸಲ ಕರೆಯಲಿಲ್ಲ ಎಂದೆ. ಮಾವನ ಕಟ್ಟಳೆಯನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿಯೇ ನನಗೆ ಬೇರೆಯವರ ದನಿಯಂತೆ ಕೇಳಿಸಿತು. ಅವರು ಹೊಳೆ ನೋಡುತ್ತಾ ನಿಂತಿದ್ದರು.

"ಮನೆಯಲ್ಲಿ ನಿಮ್ಮ ಸುದ್ದಿ ಹೇಳಿ ಅವರು ನಗುದಿತ್ತು," ಎಂದರು. "ಬಾಬುವನ್ನು ಎರಡು ಸಲಕ್ಕಿಂತ ಹೆಚ್ಚು ಕರೆದ್ರೆ ಅವನಿಗೆ ಸಿಟ್ಟು ಬರ್ತದೆ, ನನಗೆ ಕಿವಿ ಇಲ್ವಾ ಅಂತ ಬೈತಾನೆ. ಕರೆದು ಸುಮ್ಮನೆ ಬಂಡೆ ಮೇಲೆ ಕೂತ್ಕೊಳ್ಬೇಕು, ಅವ ಬಂದೇ ಬರ್ತಾನೆ ಅಂತ."

ಹಾಗೆ ಬೈಯುವುದು ನಿಜ. ಹಗಲಿನಲ್ಲಿ ಯಾರು ಮತ್ತೆ ಮತ್ತೆ ಕೂಗಿದರೂ ನಾನು ಹಾಗೇ ಬೈಯುತ್ತಿದ್ದೆ, ಇದ್ದಿನಬ್ಬನಿಗೂ ಬೈದಿದ್ದೆ. ರಾತ್ರಿಯ ಕಟ್ಟಳೆಯನ್ನು ಮಾತ್ರ ಅವನಿಗೆ ಹೇಳಿರಲಿಲ್ಲ. ಆಯಿಸಮ್ಮ ಏರು ಹತ್ತಿ ಹೋದರು. ಅವರು ಒಂದು ಸಲ ಶಪಿಸಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ.

ಆಮೇಲೆ ದೋಣಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಪುತ್ತೂರಿಗೆ ಬಂದೆ. ಸುಂದರಿ ಈಗಿಲ್ಲ. ಚೋಮನೂ ಇಲ್ಲ. ಅವತ್ತಿನದಕ್ಕೆ ಸಾಕ್ಷಿ ಎಂದರೆ ನನ್ನ ಕಿವಿ ಮಾತ್ರ, ಅದೂ ಈಗ ಮಂದವಾಗಿದೆ. ಆ ದನಿಯಲ್ಲಿ ಹೆದರಿಕೆ ಇರಲಿಲ್ಲ... ಅಷ್ಟು ಗಟ್ಟಿಯಾಗಿ ನೆನಪಿದೆ. ಹೆದರಿಕೆ ಇಲ್ಲದ್ದು ಸತ್ತವನಿಗೋ, ನಾನು ಬಂದೇ ಬರುತ್ತೇನೆ ಎಂದು ನಂಬಿ ಕೂತವನಿಗೋ?

ಕುಲೆ ಇಲ್ಲ, ಪ್ರೇತ ಇಲ್ಲ, ಎಲ್ಲ ಭ್ರಮೆ ಎಂದು ವಾದಿಸುವವರು ನಮ್ಮ ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಜೊತೆ ಗಂಟಲು ಹರಿಯುವ ಹಾಗೆ ಜಗಳವಾಡುತ್ತೇನೆ. ಅವತ್ತು ಕರೆದದ್ದು ಕುಲೆಯೇ, ನಾನು ಕೇಳಿದ್ದೇನೆ, ನನಗೆ ಗೊತ್ತು. ನೀವಾದರೂ ಒಮ್ಮೆ ಹೌದು ಅನ್ನಿ ಮಾರಾಯ್ರೆ.