ಕಂಕುಳಲ್ಲಿ ಕಟ್ಟಿದ ಲಿಂಗ

ಅಂದು ನಾನು ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಕೋರ್ಟಿನ ಕೆಲಸಕ್ಕೆ ಹುನಗುಂದಕ್ಕೆ ಹೋಗಿದ್ದ ಭಾವನವರು, ಅಂದರೆ ನಮ್ಮ ಯಜಮಾನರ ಅಣ್ಣ, ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ ಒಳಗೆ ಬಂದು ನಮ್ಮತ್ತೆಯ ಎದುರು ನಿಂತರು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಸರಿದೆ.

"ಎವ್ವಾ, ನಿನ್ನ ಮೊಮ್ಮಗಳು ಲಿಂಗಾ ಬಿಚ್ಚಿಟ್ಟು ಖೋಖೋ ಆಡಾಕತ್ತಿದ್ಳು. ಹುನಗುಂದದಾಗ, ಬಯಲಿನ ಸುತ್ತ ಮಂದಿ ನಿಂತಿತ್ತು. ಕೊರಳು ಬರೇ ಇತ್ತು, ಶಿವದಾರ ಸುದ್ದಾ ಇರಲಿಲ್ಲ."

ಎಂಬತ್ತರ ಸುಮಾರಿನ ಮಾತು. ಆಗ ನಮ್ಮ ಇಳಕಲ್ಲು ಹುನಗುಂದ ತಾಲೂಕಿನಲ್ಲಿತ್ತು, ಜಿಲ್ಲೆ ಬಿಜಾಪುರ. ನನ್ನ ಮಗಳು ಎಂಟನೆಯ ತರಗತಿ. ಅಂಜುಬುರುಕಿ. ಆಟದ ಪೀರಿಯಡ್ಡಿನಲ್ಲಿ ಹೊಟ್ಟೆನೋವು ಅಂತ ಬೇವಿನ ಗಿಡದ ಕೆಳಗೆ ಕೂತುಬಿಡುತ್ತಿದ್ದಳು. ನಿಜವಾದ ಕಾರಣ ಬೇರೆ. ಓಡಿದರೆ ಲಿಂಗದ ಬೆಳ್ಳಿ ಕರಡಿಗೆ ಎದೆಗೆ ಬಡಿಯುತ್ತಿತ್ತು. ದಾರ ಹರಿದು ಲಿಂಗ ನೆಲಕ್ಕೆ ಬಿದ್ದರೆ ಏನು ಗತಿ ಎಂದು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಓಡುತ್ತಿದ್ದಳು. ಹುಡುಗಿಯರು "ಕುಂಟಗೈ ಬಂತು ನೋಡ್ರೇ" ಎಂದು ನಗುತ್ತಿದ್ದರಂತೆ.

ನಗದವಳು ಒಬ್ಬಳೇ. ಹತ್ತನೆಯ ತರಗತಿಯ ಮುಸಲ್ಮಾನರ ಹುಡುಗಿ, ಖೋಖೋ ತಂಡದ ಮುಂದಾಳು. ಅವಳ ಅಪ್ಪ ನೇಯ್ದ ಸೀರೆಯನ್ನೇ ನಾನು ಹಬ್ಬಕ್ಕೆ ಉಡುತ್ತಿದ್ದೆ. ಒಂದು ದಿನ ಸಾಲೆ ಬಿಟ್ಟ ಮೇಲೆ ಮಗಳ ಕೈಹಿಡಿದು ನಮ್ಮ ಮನೆಗೇ ಬಂದಳು.

"ಕಾಕೂ, ಈಕಿ ಕಾಲು ನೋಡ್ರಿ, ಜಿಂಕಿ ಕಾಲು. ಆದ್ರ ಅಂಜ್ತಾಳ. ಹತ್ತಿ ಬಿಡಿಸೋ ಹೆಣ್ಮಕ್ಕಳು ದಿನಾ ಬಾಗ್ತಾರ, ಏಳ್ತಾರ. ಅವರು ದೇವರನ್ನ ಹ್ಯಾಂಗ ಕಟ್ಕೊಂತಾರ್ರಿ?"

ಲಿಂಗ ಕಟ್ಟದ ಮನೆಯ ಕೂಸು ಕೇಳಿದ ಪ್ರಶ್ನೆ. ಉತ್ತರ ನನ್ನ ತವರಿನಲ್ಲೇ ಇತ್ತು. ಹೊಲಕ್ಕೆ ಹೋಗುವಾಗ ನಮ್ಮವ್ವ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎಡಗಂಕುಳಲ್ಲಿ ಬಿಗಿಯುತ್ತಿದ್ದಳು. ಕಂಕುಳೂ ಲಿಂಗ ಧರಿಸುವ ಜಾಗವೇ, ಹಿರಿಯರು ಒಪ್ಪಿದ್ದೇ. ನಾನು ಹಳೆಯ ಸೀರೆಯ ಮೆತ್ತನೆಯ ತುಂಡು ಹರಿದು, ಕರಡಿಗೆ ತೆಗೆದಿಟ್ಟು, ಬರೀ ಲಿಂಗವನ್ನು ವಸ್ತ್ರದೊಳಗೆ ಸುತ್ತಿ ಮಗಳ ಜಂಪರಿನ ಒಳಗೆ ಕಟ್ಟಿದೆ.

ಮರುದಿನದಿಂದ ಆ ಹುಡುಗಿ ನಸುಕಿನಲ್ಲೇ ಬಾಗಿಲಿಗೆ ಬರುತ್ತಿದ್ದಳು. "ಏಳಲೇ, ಔಟಾದ್ರ ಜೀವಾ ಹೋಗಂಗಿಲ್ಲ. ಮೊದಲ ನಾ ಔಟ್ ಆಗ್ತೇನಿ, ನೀ ನಗುವಂತಿ!" ತಾನೇ ಬೇಕೆಂದು ಸಿಕ್ಕಿಬೀಳುತ್ತಿದ್ದಳಂತೆ. ನನ್ನ ಮಗಳು ಎರಡೂ ಕೈ ಬೀಸಿ ಓಡುವುದನ್ನು ಕಲಿತಳು. ಮನೆಗೆ ಬಂದರೆ ಹಸಿವು, ಮಾತು, ನಗು. ಸಂಗಮನಾಥ ಇಷ್ಟಾದರೂ ಕೊಟ್ಟನಲ್ಲ ಎಂದುಕೊಂಡೆ.

ಅಂಥ ನನ್ನ ಮಗಳ ಮೇಲೆ ಈಗ ಭಾವನವರ ಈ ಮಾತು.

ಭಾವನವರ ಎದುರಿಗೆ ನಾನು ಮಾತಾಡುವ ಪದ್ಧತಿ ಇರಲಿಲ್ಲ. ಬಾಗಿಲ ಹಿಂದಿನಿಂದ ಅತ್ತೆಗೇ ಹೇಳಿದೆ: "ಅತ್ತಿ, ಲಿಂಗಾ ಮೈಮ್ಯಾಲ ಐತ್ರಿ. ಮುಂಜಾನಿ ನಾನ ಕಂಕುಳಾಗ ಕಟ್ಟಿ ಕಳಿಸೇನಿ."

ಭಾವನವರು ಗೋಡೆ ನೋಡುತ್ತ ಅಂದರು: "ಆಕಿಗೆ ಹೇಳವ್ವಾ, ಮಂದಿ ಕಂಕುಳಾಗ ಕೈ ಹಾಕಿ ನೋಡ್ತಾರೇನು?"

ಸಂಜೆ ಯಜಮಾನರು ಬಂದಾಗ ಎಲ್ಲ ಹೇಳಿದೆ. ಅವರು ನನ್ನನ್ನು ನಂಬಿದರು, ಅದೇ ಸಂಕಟ. "ನೀ ಹೇಳೋದು ಖರೆ. ಆದ್ರ ನಾಳೆ ಆಕಿಗೆ ಗಂಡು ನೋಡಬೇಕು. ಲಿಂಗಾ ಬಿಚ್ಚಿಟ್ಟಾಕಿ ಅಂತ ಹೆಸರು ಬಂದ್ರ ಯಾರು ತಗೋತಾರ? ಸಾಕು ಆಟ." ಸುಳ್ಳೆಂದು ಸಿಟ್ಟಾಗಿದ್ದರೆ ನಾನು ಆಣೆ ಮಾಡುತ್ತಿದ್ದೆ. ಖರೆ ಎಂದು ಒಪ್ಪಿಕೊಂಡವರಿಗೆ ಏನು ಹೇಳುವುದು?

ಅಷ್ಟರಲ್ಲಿ ಮಗಳು ಮೈತುಂಬ ಧೂಳು ಮಾಡಿಕೊಂಡು ಬಂದಳು. ತಾಲೂಕಿನ ಆಟದಲ್ಲಿ ತಂಡ ಗೆದ್ದಿತ್ತು, ಮುಂದಿನ ಆಟ ಬಿಜಾಪುರದಲ್ಲಿ. ಅಪ್ಪನ ಮಾತು ಕೇಳಿ ಅವಳು ಅಳಲಿಲ್ಲ. "ಅಪ್ಪಾ, ಕೊರಳಾಗ ಹಾಕ್ಕೊಂಡು, ಒಂದ ಕೈಲೇ ಓಡ್ತೇನಿ. ಹಂಗಾದ್ರ ಬಿಡ್ತೀಯೇನು?" ಎಂದಳು. ಅವರು ಪೇಟ ಸರಿಮಾಡಿಕೊಂಡು ಹೊರಗೆ ಹೋದರು.

ಬಿಜಾಪುರಕ್ಕೆ ಹೊರಡುವ ದಿನ ನಸುಕಿನಲ್ಲಿ ಆ ಹುಡುಗಿ ಎಂದಿನಂತೆ ಬಂದಳು, ಕೈಯಲ್ಲಿ ಬುತ್ತಿಗಂಟು. ಮಗಳು ಕೌದಿ ಮುಸುಕೆಳೆದು ಮಲಗಿದ್ದಳು, ನಿದ್ದೆಯಿರಲಿಲ್ಲ. ಈಕೆ ಬರುವುದಿಲ್ಲ ಎಂದು ನಾನೇ ಹೊರಗೆ ಹೋಗಿ ಹೇಳಿದೆ.

ಅವಳು ಕಟ್ಟೆಯ ಮೇಲೆ ಕೂತಳು. "ನಮ್ಮಪ್ಪನೂ ಒಲ್ಲೆ ಅಂದಿದ್ದ ಕಾಕೂ. ಶರಣರ ಮನಿ ಹುಡುಗಿನ ಬರಾಕತ್ತಾಳ, ನನ್ನ ಯಾಕ ಬ್ಯಾಡ ಅಂತೀ ಅಂತ ಜಗಳಾ ಮಾಡಿ ಒಪ್ಪಿಸೇನಿ. ಈಗ ಹೋಗಿ ಏನ್ ಹೇಳ್ಲಿ?"

"ಆಕಿ ಬಂದಾಳಂತ ಹೇಳು" ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನನ್ನ ಎದೆಯ ಮೇಲಿನ ಲಿಂಗ ಆ ಸುಳ್ಳನ್ನು ಆಡಗೊಡಲಿಲ್ಲ. ಅವಳು ಬುತ್ತಿಗಂಟು ಎತ್ತಿಕೊಂಡು, "ಇರ್ಲಿ ಬಿಡ್ರಿ, ಈಕಿಗೆ ಬೈಬ್ಯಾಡ್ರಿ" ಎಂದಳು. ಬಸ್‌ಸ್ಟ್ಯಾಂಡಿನ ಕಡೆಗಲ್ಲ, ತನ್ನ ಮನೆಯ ಓಣಿಗೆ ತಿರುಗಿದಳು.

ಮಗಳ ಮೇಲೆ ಯಾರೂ ಕೈ ಮಾಡಲಿಲ್ಲ, ಸಾಲೆಯನ್ನೂ ಬಿಡಿಸಲಿಲ್ಲ. ದೇವರು ದೊಡ್ಡವನು ಎಂದು ಅಷ್ಟಕ್ಕೇ ಕೈಮುಗಿಯಬೇಕಾಯಿತು. ಒಳಗಿನಿಂದ ಅತ್ತೆ ಪೂಜೆಗೆ ನೀರೆಲ್ಲಿ ಎಂದು ಕೂಗಿದರು. ನಾನು ಕೊಡ ತೆಗೆದುಕೊಂಡು ಹಿತ್ತಲ ಬಾವಿಗೆ ಹೋದೆ.