ಇಪ್ಪತ್ತಾರು ವರ್ಷ ತಡವಾದ ಅಂಕ

ಬೆಳಗಿನ ಆರೂವರೆ. ಬೋನಿಪೋರ ಹಳ್ಳಿಯ ಮನೆಗಳ ಸೂರಂಚಿನಲ್ಲಿ ಮಂಜುಗಡ್ಡೆ ಇನ್ನೂ ತೂಗುತ್ತಿದೆ. ರತ್ನಗಂಬಳಿ ನೇಯುವ ಮಗ್ಗದ ಪಕ್ಕ, ಫಿರನ್ ನಿಲುವಂಗಿಯೊಳಗೆ ಕೆಂಡ ತುಂಬಿದ ಕಾಂಗ್ಡಿ ಮಡಕೆ ಅವುಚಿಕೊಂಡು ಕುಳಿತ ಮೆಹಮೂದಾ ಗನಾಯಿ ರಾಗವಾಗಿ ಕೇಳುತ್ತಾರೆ, "ಹದಿನೇಳು ಮೂರ್ಲಿ?" ಸಾಲಾಗಿ ಕುಳಿತ ಒಂಬತ್ತು ಹೆಂಗಸರು ಗಂಟು ಹಾಕುತ್ತಲೇ ಅದೇ ರಾಗದಲ್ಲಿ ಐವತ್ತೊಂದು ಎನ್ನುತ್ತಾರೆ.

ಇವತ್ತು ಒಂದು ದನಿ ಮಾತ್ರ ಹಿಂದೆ ಬೀಳುತ್ತಿದೆ. ಅದು ಕೊನೆಯಲ್ಲಿ ಕುಳಿತ ದಿಲ್‌ಶಾದಾಳದು. ವಯಸ್ಸು ಮೂವತ್ತೇಳು. ಹತ್ತನೇ ತರಗತಿಯ ಗಣಿತ ಬರೆದದ್ದು ಇದು ಮೂರನೇ ಸಲ, ಹನ್ನೊಂದು ಗಂಟೆಗೆ ಫಲಿತಾಂಶ. ಉಳಿದ ಎಂಟೂ ಜನರ ಕಣ್ಣು ಮಗ್ಗದ ಮೇಲಿದ್ದರೂ ಕಿವಿ ಅವಳ ಮೇಲೇ ಇದೆ.

ಮೆಹಮೂದಾ ಅವರಿಗೆ ಅರವತ್ತೆಂಟು. ಮೂವತ್ತಮೂರು ವರ್ಷ ಸರ್ಕಾರಿ ಶಾಲೆಯಲ್ಲಿ ಕಲಿಸಿದವರು. ಊರಿಗೆಲ್ಲ ಅವರು ಉಸ್ತಾನಿ, ಅಂದರೆ ಮೇಡಂ. ನಿವೃತ್ತರಾದ ಮೇಲೆ ವಾರಕ್ಕೆ ಆರು ದಿನ, ದಿನಕ್ಕೆ ಎರಡು ಗಂಟೆ ಈ ಮಗ್ಗದ ಮನೆಯಲ್ಲೇ ಪಾಠ. ಏಳು ವರ್ಷದಲ್ಲಿ ಇಪ್ಪತ್ತಮೂರು ಹೆಂಗಸರು ಹತ್ತನೇ ತರಗತಿ ದಾಟಿದ್ದಾರೆ. ಯಾವ ಪತ್ರಿಕೆಯೂ ಅದನ್ನು ಬರೆದಿಲ್ಲ. ಎರಡು ಓಣಿ ಆಚೆ ಹತ್ತೊಂಬತ್ತು ವರ್ಷದಿಂದ ಇರುವ, ಸುದ್ದಿ ಬರೆಯುವುದೇ ಕೆಲಸವಾದ ನಾನೂ ಬರೆದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ಈ ಕಲಿಸುವ ಬಗೆ ಯಾವ ತರಬೇತಿಯಲ್ಲೂ ಸಿಕ್ಕಿದ್ದಲ್ಲ, ಅಪ್ಪನಿಂದ ಬಂದದ್ದು. ಯಾವ ಬಣ್ಣದಲ್ಲಿ ಎಷ್ಟು ಗಂಟು ಎಂಬುದನ್ನು ನೇಕಾರರು ತಮ್ಮದೇ ಗುರುತುಗಳಲ್ಲಿ ಬರೆದಿಟ್ಟ ಚೀಟಿಗೆ ತಾಲೀಮ್ ಎನ್ನುತ್ತಾರೆ. ಒಬ್ಬರು ಅದನ್ನು ಹಾಡಿದಂತೆ ಓದಬೇಕು, ಉಳಿದವರು ದನಿಗೂಡಿಸಿ ನೇಯಬೇಕು. ಅಪ್ಪ ಸುಲ್ತಾನ್ ಗನಾಯಿ ಹಾಗೆ ಓದುವವರು. ಅವರ ಕಣ್ಣು ಮಂಜಾದಾಗ ಹತ್ತು ವರ್ಷದ ಮೆಹಮೂದಾ ಓದತೊಡಗಿದಳು. ಒಂದು ದಿನ ಒಂದು ಸಾಲು ಹಾರಿಸಿದಳು. ನಾಲ್ಕು ಬೆರಳಗಲ ನೇಯುವಷ್ಟರಲ್ಲಿ ಹೂವು ಸೊಟ್ಟಗಾಯಿತು. ಮಗ್ಗದ ಯಜಮಾನ ಬಂದು ನೇಕಾರರನ್ನು ಬೈದ.

"ಅಪ್ಪ ಅಡ್ಡ ಬಂದ್ರು. ಓದಿದೋರು ತಪ್ಪಿದ್ರೆ ನೇಯ್ದೋರು ಏನ್ ಮಾಡ್ತಾರೆ, ಬಿಚ್ಚೋದು ನಮ್ಮ ಕೆಲಸ ಅಂದ್ರು. ಮೂರು ದಿನ ಅಪ್ಪ ಮಗಳು ಕೂತು ಒಂದೊಂದೇ ಗಂಟು ಬಿಚ್ಚಿದ್ವಿ," ಎನ್ನುತ್ತಾರೆ ಮೆಹಮೂದಾ.

ಇಷ್ಟು ಕಲಿತವರೂ ಒಮ್ಮೆ ಮರೆತರು. ಇಪ್ಪತ್ತಾರು ವರ್ಷದ ಹಿಂದೆ, ಅವರು ಮುಖ್ಯೋಪಾಧ್ಯಾಯಿನಿಯಾದ ಹೊಸದರಲ್ಲಿ, ಶಾಲೆಯ ತಪಾಸಣೆಗೆ ಮೇಲಿನವರು ಬರುವ ವಾರ ಅದು. ಆರನೇ ತರಗತಿಯ ದಿಲ್‌ಶಾದಾ ಪರೀಕ್ಷೆಯ ಹತ್ತು ಲೆಕ್ಕಗಳನ್ನೂ ತಾಲೀಮಿನ ಗುರುತಿನಲ್ಲೇ ಬರೆದಳು. ಅವಳು ಎಣಿಸಲು ಕಲಿತದ್ದೇ ಮಗ್ಗದ ಮುಂದೆ.

"ಆ ಗುರ್ತು ನನಗೆ ಗೊತ್ತಿರ್ಲಿಲ್ಲ ಅಂದ್ರೆ ಬೇರೆ ಮಾತು. ಅಪ್ಪನ ತೊಡೆ ಮೇಲೆ ಕೂತು ಕಲ್ತಿದ್ದೆ. ಸರಿ ಅಂತ ಹಾಕಿದ್ರೆ ನಾನೂ ಮಗ್ಗದ ಮನೆಯೋಳು ಅಂತ ಬಂದೋರಿಗೆ ತಿಳಿದುಬಿಡುತ್ತೆ ಅಂತ ನಾಚಿಕೆ. ಹತ್ತಕ್ಕೂ ಕೆಂಪು ಗೀಟು ಎಳೆದೆ, ಸೊನ್ನೆ ಕೊಟ್ಟೆ," ಎಂದು ಹೇಳಿ ಮೆಹಮೂದಾ ಕಾಂಗ್ಡಿಯ ಬೂದಿ ಕೆದಕುತ್ತಾರೆ. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ನಿವೃತ್ತರಾದ ಎರಡು ವರ್ಷಕ್ಕೆ ಅವರು ಅವಳ ಮನೆ ಬಾಗಿಲಿಗೆ ಹೋಗಿ ತಪ್ಪು ತನ್ನದೆಂದು ಒಪ್ಪಿಕೊಂಡರು. ಮೇಷ್ಟ್ರುಗಳು ಕ್ಷಮೆ ಕೇಳುವುದನ್ನು ನಾನು ಹೆಚ್ಚು ನೋಡಿಲ್ಲ. ದಿಲ್‌ಶಾದಾ ಒಳಗೆ ಹೋಗಿ ಕೆಂಪು ಗೀಟಿನ ಆ ಹಳೆಯ ಪರೀಕ್ಷೆ ಪುಸ್ತಕವನ್ನೇ ತಂದಿಟ್ಟಳು. ಉಸ್ತಾನಿ ಅಲ್ಲೇ ತಿದ್ದಿ ಅಂಕ ಕೊಡಲು ಹೊರಟರೆ ತಡೆದಳು. ಈಗ ಕೊಟ್ಟರೆ ಅದು ಕನಿಕರವಾಗುತ್ತದೆ, ಶಾಲೆಯ ಲೆಕ್ಕದಲ್ಲೂ ಪಾಸಾಗುತ್ತೇನೆ, ಆಮೇಲೆ ಕೊಡಿ ಎಂದಳಂತೆ. ಮಗ್ಗದ ಮನೆಯ ಪಾಠ ಶುರುವಾದದ್ದು ಆ ವಾರವೇ, ಅವಳೊಬ್ಬಳಿಗಾಗಿ. ಅಕ್ಕಪಕ್ಕ ಕುಳಿತವರು ಒಬ್ಬೊಬ್ಬರಾಗಿ ಸೇರಿ ಪಾಸಾಗಿ ಹೋದರು, ಅವಳು ಮಾತ್ರ ಎರಡು ಸಲ ಬಿದ್ದಳು. ಗಂಡ ಅಲ್ತಾಫ್, ಪಾಸಾದರೆ ಜಿಲ್ಲಾಧಿಕಾರಿ ಮಾಡುತ್ತಾರೇನೋ ಎಂದು ಊರೆದುರೇ ಆಡಿಕೊಂಡ. ಇದೂ ಹೋದರೆ ಇನ್ನು ಪರೀಕ್ಷೆಗೆ ಕೂರುವುದಿಲ್ಲ, ಆ ಹಳೆಯ ಪುಸ್ತಕವನ್ನೂ ಒಲೆಗೆ ಹಾಕುತ್ತೇನೆ ಎಂದು ಅವಳು ಮೊದಲೇ ಹೇಳಿದ್ದಾಳೆ.

ಹನ್ನೊಂದಾಗಿ ಹತ್ತು ನಿಮಿಷ. ಉಪ್ಪಿನ ಚಹಾ ಲೋಟಗಳಲ್ಲೇ ಆರುತ್ತಿದೆ. ಹಿಮ ಮೆತ್ತಿದ ಬೂಟಿನಲ್ಲೇ ಒಳಗೆ ಬಂದವನು ಅದೇ ಅಲ್ತಾಫ್. ಕೈಯಲ್ಲಿ ಮೊಬೈಲು, ಏದುಸಿರು.

"ನಲವತ್ತೆರಡು ಬಂದಿದೆ ಕಣೇ. ಪಾಸು."

ಹೆಂಗಸರು ಅವಳನ್ನು ತಬ್ಬಿಕೊಳ್ಳುತ್ತಾರೆ, ಒಬ್ಬಾಕೆ ಶುಭದ ದಿನದ ರೂಢಿಯಂತೆ ಬಾದಾಮಿ ಎರಚುತ್ತಾಳೆ. ನನ್ನ ಕಣ್ಣೂ ಒದ್ದೆಯಾಗುತ್ತದೆ. ದಿಲ್‌ಶಾದಾ ಮಾತ್ರ ಎದ್ದು, ಮಗ್ಗದ ಹಿಂದೆ ಸಿಕ್ಕಿಸಿಟ್ಟಿದ್ದ ಅದೇ ಪುಸ್ತಕ ತಂದು ಉಸ್ತಾನಿಯ ಮುಂದಿಡುತ್ತಾಳೆ. ಮೆಹಮೂದಾ ಕನ್ನಡಕ ಒರೆಸಿ, ಮಾಸಿದ ಗುರುತುಗಳ ಮೇಲೆ ಬೆರಳಿಟ್ಟು, ಅಪ್ಪನ ರಾಗದಲ್ಲೇ ಒಂದೊಂದನ್ನೂ ಓದುತ್ತಾರೆ. ಸೊನ್ನೆಯನ್ನು ಹೊಡೆದುಹಾಕಿ ಎಂಟು ಎಂದು ಬರೆದು ಇವತ್ತಿನ ತಾರೀಖು ಹಾಕುತ್ತಾರೆ.

ಇವತ್ತಾದರೂ ಹತ್ತಕ್ಕೆ ಹತ್ತು ಕೊಡಬಾರದೇ ಎಂದು ಅಲ್ತಾಫ್ ಕೇಳುತ್ತಾನೆ. ಎರಡು ನಿಜಕ್ಕೂ ತಪ್ಪಿವೆ ಎನ್ನುತ್ತಾರೆ ಉಸ್ತಾನಿ.

ದಿಲ್‌ಶಾದಾ ಗಂಡನ ಕಡೆ ತಿರುಗಿ ಹೇಳುತ್ತಾಳೆ, "ನೀನು ಸುಮ್ನಿರು. ಎಂಟು ನಂದೇ."